ಒಲೆ ಹಚ್ಚದ ಬೆಳಗು

ನನ್ನ ಎದೆಯೊಳಗಿನ ಸದ್ದನ್ನು ಮೊದಲು ಕೇಳಿಸಿಕೊಂಡವನು ನಾನಲ್ಲ. ಬೆಳಗಾವಿಯ ನಮ್ಮ ಪತ್ರಿಕೆಯ ಕಚೇರಿಯಲ್ಲಿ ನನ್ನ ಎದುರು ಮೇಜಿಗೆ ಕೂರುತ್ತಿದ್ದ ಪ್ರೂಫ್ ರೀಡರ್ ಶಿವಪುತ್ರ. ಡಿಸೆಂಬರಿನ ಒಂದು ಮಧ್ಯಾಹ್ನ ಅವನು ಕರಡು ತಿದ್ದುವುದನ್ನು ನಿಲ್ಲಿಸಿ ಮೇಲಕ್ಕೆ ನೋಡಿ, ಫ್ಯಾನಿಗೆ ಎಣ್ಣೆ ಬಿಡಿಸಬೇಕು ಎಂದ. ಫ್ಯಾನ್ ತಿರುಗುತ್ತಿರಲಿಲ್ಲ. ಚಳಿಗಾಲದಲ್ಲಿ ನಮ್ಮಲ್ಲಿ ಯಾರೂ ಫ್ಯಾನ್ ಹಾಕುವುದಿಲ್ಲ. ಇಬ್ಬರೂ ಸುಮ್ಮನೆ ಕೂತು ಆಲಿಸಿದೆವು. ನಾನು ಉಸಿರು ಬಿಟ್ಟಾಗ ಸದ್ದು ಬರುತ್ತಿತ್ತು, ಹಿಡಿದಾಗ ನಿಲ್ಲುತ್ತಿತ್ತು.

"ಸರ, ಅದು ನಿಮ್ಮೊಳಗ ಐತ್ರಿ," ಎಂದ ಶಿವಪುತ್ರ. ಕಾಗುಣಿತದ ತಪ್ಪು ತೋರಿಸುವಾಗಿನ ಅದೇ ಸಂಕೋಚದ ದನಿ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನನಗೆ ಆಗ ನಲವತ್ತು ದಾಟಿತ್ತು. ಬೀಡಿ, ಸಿಗರೇಟು ಮುಟ್ಟಿದವನಲ್ಲ. ನಗರಸಭೆ, ನ್ಯಾಯಾಲಯ, ಅಪಘಾತ ಎಂದು ಓಡಾಡಿ ವರದಿ ಬರೆಯುವುದು ನನ್ನ ಕೆಲಸ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವುದನ್ನೂ ಬೆಳಗಿನ ಜಾವದ ಕೆಮ್ಮನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಹೀಗೇ ಕೂತಿರುವವರು ಇನ್ನೂ ಎಷ್ಟೋ ಜನರಿದ್ದಾರೆ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಕಂಡದ್ದು, ಕೇಳಿದ್ದು ಬಿಟ್ಟು ಬೇರೇನೂ ಇದರಲ್ಲಿಲ್ಲ.

ಎದೆರೋಗದ ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚುಗಳಿದ್ದವು. ನಮ್ಮ ಊರಲ್ಲಿ ಯಾವ ಸಾಲಿನಲ್ಲಿ ನಿಂತರೂ ಪಕ್ಕದವರು ಯಾವ ಊರು, ಯಾರ ಪೈಕಿ ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬಾಯಿಗೆ ವಸ್ತ್ರ ಹಿಡಿದು, ಗೋಡೆ ನೋಡುತ್ತಿದ್ದರು. ಕ್ಷಯ ಎಂಬ ಶಬ್ದ ಯಾರ ಬಾಯಿಂದಲೂ ಬರದೆ ಎಲ್ಲರ ಮಧ್ಯೆ ಕೂತಿತ್ತು. ಕೊನೆಗೆ ಪಾರಿಶ್ವಾಡದ ಕಡೆಯ ತಲೆಗೆ ಪಟಗ ಸುತ್ತಿದ ಒಬ್ಬ ಮುದುಕ ನನ್ನತ್ತ ಸರಿದು, "ನಿಮ್ದು ಒಣಾದೋ, ಹಸೀದೋ?" ಎಂದು ಕೇಳಿದ. ಒಣಕೆಮ್ಮು ಎಂದೆ. ನನ್ನ ಸಲುವಾಗಿ ಅವನಿಗೆ ಸಂತೋಷವಾಯಿತು. "ನಂದು ಹಸೀದ್ರಿ. ಒಣಾದು ಛಲೋ," ಎಂದು ತನ್ನ ಚೀಲದಿಂದ ಒಂದು ಪೇರಲ ಹಣ್ಣು ತೆಗೆದುಕೊಟ್ಟ. ಆ ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ ಅದು.

ಕಫದ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮನೆಯಲ್ಲಿ ನನ್ನ ಲೋಟ, ತಟ್ಟೆ, ಟವೆಲು ಬೇರೆಯಾದವು. ಹೆಂಡತಿ ಸುಮಿತ್ರಾ ಶಾಲೆಯ ಶಿಕ್ಷಕಿ. ಹಾಗೆ ಮಾಡೆಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಮಾಡಿದಳು. ಮಗಳನ್ನು ದೂರ ಮಲಗಿಸುವಾಗ ಅವಳು ನನ್ನ ಮುಖ ನೋಡಲಿಲ್ಲ. ನನ್ನ ಅವ್ವ ಇದನ್ನೆಲ್ಲ ಎರಡು ದಿನ ನೋಡಿದಳು. ಮೂರನೆಯ ದಿನ ನಾನು ಅರ್ಧ ಕುಡಿದಿಟ್ಟ ಚಹಾವನ್ನು ಎಲ್ಲರೆದುರು ಎತ್ತಿ ಕುಡಿದು, ಲೋಟ ತೊಳೆದು ಬೋರಲು ಹಾಕಿದಳು.

ಕ್ಷಯ ಇರಲಿಲ್ಲ. ಅಸ್ತಮಾ ಎಂದರು. ಮನೆಯಲ್ಲಿ ಹಬ್ಬದಂಥ ಸಂತೋಷ ಸಂಜೆಯವರೆಗೆ ಉಳಿಯಿತು. ಸಂಜೆ ನಾನು ಇನ್‌ಹೇಲರ್ ಹೊರತೆಗೆದೆ. ನಮ್ಮ ಕಡೆ ಅದಕ್ಕೆ ಪಂಪು ಎನ್ನುತ್ತಾರೆ, ಪಂಪು ಹಚ್ಚಿದ ಮನುಷ್ಯನ ಕಥೆ ಮುಗಿದ ಹಾಗೆ ಎಂದು ನಂಬುತ್ತಾರೆ. ಅವ್ವನ ಮುಖ ಇಳಿಯಿತು. ಕ್ಷಯಕ್ಕೆ ಹೆದರದವಳು ಅಂಗೈಯಲ್ಲಿ ಅಡಗುವಷ್ಟು ಸಣ್ಣ ನೀಲಿ ಡಬ್ಬಿಗೆ ಹೆದರಿದಳು.

ಹೆದರಿ ಸುಮ್ಮನೆ ಕೂರುವವಳಲ್ಲ ಅವಳು. ಎದೆ ಬೆಚ್ಚಗಿರಬೇಕು, ತಣ್ಣೀರು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದನ್ನು ತನ್ನ ಪಾಲಿನ ಕೆಲಸವೆಂದು ತೆಗೆದುಕೊಂಡಳು. ಹಿಂದವಾಡಿಯ ನಮ್ಮ ಮನೆಯ ಹಿತ್ತಲಲ್ಲಿ ತಾಮ್ರದ ಬಂಬ ಇತ್ತು. ಸುತ್ತ ನೀರು, ನಟ್ಟನಡುವೆ ಬೆಂಕಿಯ ಕೊಳವೆ. ಬೆಳಗಾವಿಯಲ್ಲಿ ಸ್ನಾನದ ನೀರು ಕಾಯುತ್ತಿದ್ದುದೇ ಅದರಲ್ಲಿ. ಅವ್ವ ಲಿಂಗಪೂಜೆ ಆಗುವವರೆಗೆ ನೀರೂ ಕುಡಿಯುವವಳಲ್ಲ. ಪೂಜೆಗೆ ಮುಂಚೆ ಸ್ನಾನ ಆಗಲೇಬೇಕು. ಹಾಗಾಗಿ ಯಾವಾಗಲೂ ನಸುಕಿನಲ್ಲೇ ಬಂಬ ಹಚ್ಚುತ್ತಿದ್ದಳು. ಈಗ ಇನ್ನೂ ಬೇಗ ಹಚ್ಚತೊಡಗಿದಳು, ಹೆಚ್ಚು ಹೊತ್ತು ಉರಿಸತೊಡಗಿದಳು. ನನಗೆ ಆವಿ ತೆಗೆದುಕೊಳ್ಳಲು ನೀರು, ಎದೆಗೆ ಶಾಖ ಕೊಡಲು ನೀರು, ಮೀಯಲು ನೀರು. ಖಾನಾಪುರದಿಂದ ನನ್ನ ಅಕ್ಕನ ಗಂಡ ರುದ್ರಪ್ಪ ತಮ್ಮ ಇಟ್ಟಿಗೆ ಸಾಗಿಸುವ ಟೆಂಪೋದಲ್ಲಿ, ಕಟ್ಟಿಗೆ ಅಡ್ಡೆಯಲ್ಲಿ ಗರಗಸದಿಂದ ಉದುರಿದ ಹೊಟ್ಟಿನ ಚೀಲಗಳನ್ನು ಕಳಿಸುತ್ತಿದ್ದರು. ಆ ಚಳಿಗಾಲ ಅವ್ವ ಎರಡು ಚೀಲ ಹೆಚ್ಚಿಗೆ ಕೇಳಿ ತರಿಸಿದಳು.

ನನ್ನ ಉಸಿರು ಸುಧಾರಿಸಲಿಲ್ಲ.

ಡಾಕ್ಟರು ಔಷಧ ಹೆಚ್ಚಿಸಿದರು. ಒಂದು ಪ್ಲಾಸ್ಟಿಕ್ ಕೊಳವೆಯನ್ನೂ ಕೊಟ್ಟರು. ಜೋರಾಗಿ ಊದಿದರೆ ಒಳಗಿನ ಮುಳ್ಳು ಸರಿದು ಹಸಿರು, ಹಳದಿ, ಕೆಂಪು ಪಟ್ಟಿಗಳಲ್ಲಿ ಒಂದರ ಮೇಲೆ ನಿಲ್ಲುತ್ತದೆ; ಹಸಿರು ಸಲೀಸು, ಕೆಂಪು ಅಪಾಯ. "ನೀವು ಮಂದಿಗೆ ಪ್ರಶ್ನೆ ಕೇಳಾವ್ರು. ಇನ್ನ ಇದನ್ನ ಕೇಳ್ರಿ. ಎಲ್ಲಿ, ಯಾವಾಗ, ಬಾಜೂಕ ಏನಿತ್ತು," ಎಂದರು. ಯಾವುದೋ ಒಂದು ನಿಮ್ಮನ್ನು ಕೆಣಕುತ್ತಿದೆ, ಅದು ಸಿಗದೆ ಔಷಧ ಕೊಡುವುದು ಸೋರುವ ದೋಣಿಯಿಂದ ನೀರು ಎತ್ತಿ ಚೆಲ್ಲಿದ ಹಾಗೆ ಎಂದೂ ಹೇಳಿದರು. ಇನ್ನೊಂದು ಮಾತು ಹೇಳುವಾಗ ಅವರು ಪೆನ್ನು ಕೆಳಗಿಟ್ಟರು. ಹೀಗೇ ಇನ್ನೆರಡು ಚಳಿಗಾಲ ಕಳೆದರೆ, ಈಗ ಮುಚ್ಚಿ ಮತ್ತೆ ತೆರೆಯುತ್ತಿರುವ ಶ್ವಾಸನಾಳಗಳಲ್ಲಿ ಕೆಲವು ತೆರೆಯುವುದನ್ನೇ ಮರೆಯುತ್ತವೆ. ಆಮೇಲೆ ಕಾರಣ ಸಿಕ್ಕಿಯೂ ಉಪಯೋಗವಿಲ್ಲ.

ಭಯವಾಯಿತು, ನಿಜ. ಆದರೆ ಆ ಕೊಳವೆ ಕೈಗೆ ಬಂದಮೇಲೆ ಭಯಕ್ಕಿಂತ ಕುತೂಹಲವೇ ಮೇಲಾಯಿತು. ಕಚೇರಿಯಲ್ಲಿ ಮೊದಲ ದಿನವೇ ಅದು ಎಲ್ಲರ ಆಟವಾಯಿತು. ಒಬ್ಬೊಬ್ಬರೂ ತೊಳೆದು ತೊಳೆದು ಊದಿದರು. ದಿನಕ್ಕೆರಡು ಕಟ್ಟು ಬೀಡಿ ಸೇದುವ ಮುದ್ರಣ ವಿಭಾಗದ ಮಾರುತಿ ಎಲ್ಲರನ್ನೂ ಸೋಲಿಸಿ, ನಿಮ್ಮ ಡಾಕ್ಟರಿಗೆ ನನ್ನ ಹೆಸರು ಹೇಳಿ ಎಂದ. ನಾನು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಊರು ಸುತ್ತಿದೆ. ಬಸ್ ನಿಲ್ದಾಣದಲ್ಲಿ ಊದಿದೆ. ಸೀಮೆಎಣ್ಣೆ ಬೆರೆಸಿ ಓಡಿಸುವ ಆಟೋಗಳ ಹಿಂದೆ ನಿಂತು ಊದಿದೆ. ಉದ್ಯಮಬಾಗದ ಎರಕದ ಕಾರ್ಖಾನೆಗಳ ಬಯಲಲ್ಲಿ ಊದಿದೆ. ಕಾವಲುಗಾರ ಬಂದು ಇದು ಯಾವ ಪಕ್ಷದ ಪೀಪಿ ಎಂದು ವಿಚಾರಿಸಿದ. ಮುಳ್ಳು ಅಲ್ಲಲ್ಲಿ ಹಳದಿಗೆ ಇಳಿಯುತ್ತಿತ್ತು, ಕೆಂಪಿಗೆ ಹೋಗುತ್ತಿರಲಿಲ್ಲ. ಕೆಂಪು ಬರುತ್ತಿದ್ದುದು ಬೆಳಿಗ್ಗೆ ಮಾತ್ರ, ಹಾಸಿಗೆಯಿಂದೆದ್ದ ತಕ್ಷಣ. ಅಸ್ತಮಾ ಯಾರಿಗಾದರೂ ಬೆಳಗಿನ ಜಾವವೇ ಹೆಚ್ಚು ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಆ ಕೆಂಪನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕಣ್ಣಿಗೆ ಕಾಣುವ ದೂಳು ಮೂಗು, ಗಂಟಲಲ್ಲೇ ನಿಂತುಬಿಡುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ; ಕಾಣದಷ್ಟು ಸಣ್ಣದು ಸೀದಾ ತಳಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಹುಡುಕುತ್ತಿದ್ದುದು ಕಾಣುವುದನ್ನು. ಊರಿನ ಗಾಳಿ ಅಳೆಯುವ ಯಂತ್ರವೂ ಕಾರ್ಖಾನೆಗಳ ಕಡೆಯ ಒಂದು ಕಟ್ಟಡದ ತಾರಸಿಯ ಮೇಲಿತ್ತು. ಅದನ್ನು ನೋಡಿಕೊಳ್ಳುವ ಅಧಿಕಾರಿ ಸೌಜನ್ಯದಿಂದ ಮಾತಾಡಿದರು. ಮನೆಗಳ ಹಿಂದೆ ಯಂತ್ರ ಇಟ್ಟಿದ್ದೀರಾ ಎಂದು ಕೇಳಲು ನನಗೂ ಹೊಳೆಯಲಿಲ್ಲ.

ಜನವರಿಯ ಮೊದಲಲ್ಲಿ ಸಂಪಾದಕರು ಒಂದು ದಾರಿ ತೋರಿಸಿದರು. ಖಾನಾಪುರದ ವರದಿಗಾರನ ಜಾಗ ಖಾಲಿಯಿತ್ತು. ಕಾಡಿನ ಗಾಳಿ, ಅಕ್ಕನ ಮನೆ, ಸಣ್ಣ ಕೆಲಸ. ತಿಂಗಳೊಳಗೆ ಹೇಳಿ ಎಂದರು. ಕೆಲಸದಲ್ಲಿ ಅದು ಎರಡು ಮೆಟ್ಟಿಲು ಕೆಳಗೆ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸುಮಿತ್ರಾಳ ಶಾಲೆ, ಮಗಳ ಓದು ಬೆಳಗಾವಿಯಲ್ಲಿ. ಹೋದರೆ ನಾನೊಬ್ಬನೇ ಹೋಗಬೇಕು. ಅವ್ವ ಎರಡು ಮನೆಗಳ ನಡುವೆ ಹಂಚಿಹೋಗಬೇಕು.

ನೋಡಿಬರೋಣ ಎಂದು ಕೆಲವು ದಿನ ಅಕ್ಕ ಗಂಗವ್ವನ ಮನೆಗೆ ಹೋದೆ. ಮೊದಲ ಬೆಳಿಗ್ಗೆಯೇ ಮುಳ್ಳು ಹಸಿರಿನಲ್ಲಿ ನಿಂತಿತು. ಮರುದಿನವೂ ಅಷ್ಟೇ. ಮೆಟ್ಟಿಲು ಹತ್ತಿದೆ, ಹಲಸಿಯವರೆಗೆ ಹೋಗಿ ಹಳೆಯ ಗುಡಿಗಳ ಸುತ್ತ ನಡೆದಾಡಿದೆ, ಎದೆ ಹಿಡಿಯಲಿಲ್ಲ. ರುದ್ರಪ್ಪ ಪಾರಿಶ್ವಾಡದ ದಾರಿಯಲ್ಲಿದ್ದ ತಮ್ಮ ಇಟ್ಟಿಗೆ ಭಟ್ಟಿಗೆ ಕರೆದುಕೊಂಡು ಹೋದರು. ನಾನು ಅಭ್ಯಾಸಬಲದಿಂದ ಅಲ್ಲೂ ಕೊಳವೆ ತೆಗೆದೆ. ಭಟ್ಟಿಯ ಹೊಗೆ ಬೀಸುವ ಕಡೆ ನಿಂತು ಊದಿದಾಗ ಮುಳ್ಳು ಕೆಂಪಿನ ಅಂಚಿಗೆ ಬಂತು. ರುದ್ರಪ್ಪ ಬಗ್ಗಿ ನೋಡಿ, "ಸಾಹೇಬ್ರ, ಆರಾಮ ಆಗಾಕ ಬಂದೀರಿ. ನನ್ನ ಭಟ್ಟಿ ಮ್ಯಾಲ ಪೇಪರಿನ್ಯಾಗ ಬರ್ಯಾಕ ಬಂದೀರೇನು?" ಎಂದರು. ನಗುತ್ತಲೇ ಅಂದರು, ಆದರೆ ಗಾಡಿ ಬೇಗ ತಿರುಗಿಸಿದರು. ಭಟ್ಟಿಯ ಪಕ್ಕದ ಗುಡಿಸಲಿನ ಮುಂದೆ ಕೂಸನ್ನು ಮಲಗಿಸಿ ಇಟ್ಟಿಗೆ ಹೊರುತ್ತಿದ್ದ ಹೆಂಗಸು ನಮ್ಮನ್ನು ನೋಡುತ್ತಿದ್ದಳು. ಅವಳಿಗೆ ವಾಪಸು ಹೋಗಲು ಗಾಡಿ ಇರಲಿಲ್ಲ.

ಬೆಳಗಾವಿಗೆ ಮರಳಿದ ಮರುದಿನ ಬೆಳಿಗ್ಗೆ ಕೆಂಪು. ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು: ಈ ಊರಿನ ಗಾಳಿಯೇ ನನಗೆ ಆಗಿಬರುವುದಿಲ್ಲ. ಸುಮಿತ್ರಾ ನನ್ನ ಬಟ್ಟೆಗಳನ್ನು ಬೇರೆ ಟ್ರಂಕಿಗೆ ಹಾಕತೊಡಗಿದಳು. ನನಗೆ ಒಂದೇ ಒಂದು ಸಂಗತಿ ಸರಿ ಕಾಣಲಿಲ್ಲ. ಊರಿನ ಗಾಳಿಯೇ ಆಗಿದ್ದರೆ ಮಧ್ಯಾಹ್ನ ಸಂತೆಯಲ್ಲಿ, ಆಟೋಗಳ ನಡುವೆ ನಾನು ಹೇಗೆ ಉಸಿರಾಡುತ್ತಿದ್ದೆ? ಅಸ್ತಮಾಕ್ಕೆ ಬೆಳಗಿನ ಜಾವವೇ ಕೆಟ್ಟದ್ದಾದರೆ ಖಾನಾಪುರದಲ್ಲಿ ಬೆಳಗಾಗಲಿಲ್ಲವೇ?

ಆ ವಾರವೇ ನಮ್ಮ ಸಾಲಿನಲ್ಲಿ ಮೂರು ಮನೆ ಆಚೆ ಅಪ್ಪಾಸಾಹೇಬ ಕಾಕಾ ತೀರಿಕೊಂಡರು. ರೈಲ್ವೆಯಿಂದ ನಿವೃತ್ತರಾದವರು, ಮನೆಮಾತು ಮರಾಠಿ, ನನ್ನ ಜೊತೆ ದಿನಾ ಪತ್ರಿಕೆಯ ತಪ್ಪುಗಳ ಬಗ್ಗೆ ಕನ್ನಡದಲ್ಲಿ ಜಗಳವಾಡುತ್ತಿದ್ದವರು. ಜೀವ ಹೋದದ್ದು ಸಂಜೆ. ಮಗಳು ಪುಣೆಯಿಂದ ಬರಬೇಕಾಗಿದ್ದರಿಂದ ಮರುದಿನ ಎತ್ತುವುದೆಂದಾಯಿತು. ನಮ್ಮ ಕಡೆ ಸಾಲಿನಲ್ಲಿ ಹೆಣ ಇರುವವರೆಗೆ ಸುತ್ತಲಿನ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಲಿಂಗಾಯತರಿರಲಿ, ಮರಾಠರಿರಲಿ, ಇದರಲ್ಲಿ ಭೇದವಿಲ್ಲ. ಮಕ್ಕಳಿಗೆ ಆಚೆ ಗಲ್ಲಿಯ ಬಂಧುಗಳ ಮನೆಯಿಂದ ಊಟ ಬಂತು. ಉಳಿದವರು ಚುರುಮುರಿ ತಿಂದು ಮಲಗಿದರು.

ಬೆಳಿಗ್ಗೆ ಎಚ್ಚರವಾದಾಗ ಏನೋ ಒಂದು ಇಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು: ನಾನು ಕೆಮ್ಮುತ್ತಾ ಎದ್ದಿರಲಿಲ್ಲ. ಕೊಳವೆ ತೆಗೆದು ಊದಿದೆ. ಹಸಿರು. ಮತ್ತೆ ಊದಿದೆ. ಚಳಿ ಹಿಂದಿನ ದಿನದಷ್ಟೇ ಇತ್ತು, ಮಂಜು ಅಷ್ಟೇ ಇತ್ತು, ದೊಡ್ಡ ರಸ್ತೆಯಲ್ಲಿ ಬಸ್ಸುಗಳ ಸದ್ದು ಅಷ್ಟೇ ಇತ್ತು. ಶಾಲು ಹೊದ್ದು ಕಾಕಾನ ಮನೆಯ ಮುಂದೆ ಹೋಗಿ ಕೂತೆ. ಒಳಗೆ ಹೆಂಗಸರು ಅಳುತ್ತಿದ್ದರು. ನನಗೆ ಆ ಮನುಷ್ಯನ ಮೇಲೆ ಪ್ರೀತಿಯಿತ್ತು. ಆದರೂ ಅಲ್ಲಿ ಕೂತು ನಾನು ಮಾಡುತ್ತಿದ್ದುದು ಒಂದೇ, ಎದೆ ತುಂಬ ಉಸಿರೆಳೆದುಕೊಳ್ಳುವುದು. ಯಾರೋ ನನ್ನ ನಿಟ್ಟುಸಿರು ಕೇಳಿ ಭುಜ ತಟ್ಟಿದರು.

ಆಗಲೇ ನಾನು ಮನೆಗಳ ಹಿಂದಿನ ಓಣಿಗೆ ಹೋಗಿ ನಿಂತು ನೋಡಿದ್ದು. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿದ್ದವು. ಎಲ್ಲರ ಬಚ್ಚಲೂ ಆ ಕಡೆಗೇ, ಎಲ್ಲರ ಬಂಬವೂ ಆ ಕಡೆಗೇ. ನಮ್ಮ ಮಲಗುವ ಕೋಣೆಯ ಕಿಟಕಿಯೂ ಆ ಕಡೆಗೇ. ಪ್ರತಿದಿನ ನಸುಕಿನಲ್ಲಿ ಅಷ್ಟೂ ಬಂಬಗಳು ಸೈಕಲ್ ಟ್ಯೂಬಿನ ತುಂಡಿನಿಂದ ಹೊತ್ತಿಕೊಂಡು, ಹಸಿ ಹೊಟ್ಟಿನಲ್ಲಿ ಹೊಗೆಯಾಡುತ್ತಿದ್ದವು. ಮೇಲೆ ಚಳಿಯ ಗಾಳಿ ಮುಚ್ಚಳದ ಹಾಗೆ ಕೂತಿರುತ್ತಿತ್ತು. ಆ ಬೆಳಿಗ್ಗೆ ಒಂದೂ ಬಂಬ ಹೊತ್ತಿರಲಿಲ್ಲ. ಅಕ್ಕನ ಮನೆಯಲ್ಲೂ ಕಟ್ಟಿಗೆಯ ಒಲೆಯೇ. ಆದರೆ ಅಲ್ಲಿ ಬಚ್ಚಲು ಹಿತ್ತಲಿನ ಆ ತುದಿಗೆ, ದನದ ಕೊಟ್ಟಿಗೆಯ ಆಚೆ.

ಒಂದು ಮೂಲದಿಂದ ಬಂದ ಸುದ್ದಿಯನ್ನು ನಾವು ಅಚ್ಚಿಗೆ ಕಳಿಸುವುದಿಲ್ಲ. ಎರಡನೆಯ ಮೂಲ ತಾನಾಗಿ ಬಂತು. ಮಧ್ಯಾಹ್ನ ಹೆಣ ಎತ್ತಿದರು. ಸ್ಮಶಾನಕ್ಕೆ ಹೋದವರೆಲ್ಲ ಮೀಯದೆ ಒಳಗೆ ಬರುವಂತಿಲ್ಲ, ಮನೆಯಲ್ಲಿದ್ದವರೂ ಮೀಯಬೇಕು. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಓಣಿಯ ಅಷ್ಟೂ ಬಂಬಗಳು ಒಟ್ಟಿಗೆ ಹೊತ್ತಿಕೊಂಡವು. ನಾನು ಮಿಂದು ಕೋಣೆಗೆ ಬರುವಷ್ಟರಲ್ಲಿ ಎದೆ ಮುಚ್ಚಿತು. ಸಂಜೆಯ ಹೊತ್ತಿನಲ್ಲಿ ನನಗೆ ಎಂದೂ ಹಾಗೆ ಆಗಿರಲಿಲ್ಲ. ಮಂಚದ ಅಂಚು ಹಿಡಿದು ಕೂತೆ. ಸುಮಿತ್ರಾ ಪಂಪು ಅಲುಗಿಸಿ ಬಾಯಿಗೆ ಹಿಡಿದಳು. ಮಾತಾಡುವಷ್ಟು ಗಾಳಿ ಬಂದ ತಕ್ಷಣ ನಾನು ಕಿಟಕಿ ತೋರಿಸಿ ಮುಚ್ಚಲು ಹೇಳಿದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಟ್ರಂಕಿನ ಕಡೆ ನೋಡಿ, ಕಿಟಕಿಯ ಕಡೆ ನೋಡಿದಳು.

ಅವ್ವನಿಗೆ ಹೇಳುವುದು ಕಷ್ಟವಾಯಿತು. ಎಷ್ಟು ಮೆತ್ತಗೆ ಹೇಳಿದರೂ ಅದರ ಅರ್ಥ ಒಂದೇ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದ್ರ, ನಿನಗ ಛಲೋ ಆಗಲಿ ಅಂತ ನಾನು ಹಾಕಿದ್ದು ಹೊಗೀನೇನಪಾ?"

ನಮ್ಮದೊಂದೇ ಅಲ್ಲ, ಸಾಲಿನದೆಲ್ಲ ಎಂದೆ. ಮರುದಿನ ಬಂಬ ಹಚ್ಚದೆ, ಜನವರಿಯ ಆ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು ಪೂಜೆಗೆ ಕೂತಳು. ಮಧ್ಯಾಹ್ನಕ್ಕೆ ನಡುಕ ಹತ್ತಿತು. ಸುಮಿತ್ರಾ ಕಂಬಳಿ ಹೊದಿಸಿ, ಈ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದದ್ದು ಸಾಲದೇ ಎಂದು ಬೈದಳು. ನನ್ನ ಮುಳ್ಳು ಆ ಬೆಳಿಗ್ಗೆ ಹಳದಿಯವರೆಗೆ ಮಾತ್ರ ಏರಿತ್ತು. ನಮ್ಮ ಬಂಬ ಆರಿತ್ತು, ಸಾಲಿನ ಉಳಿದವು ಆರಿರಲಿಲ್ಲ. ಇಡೀ ಸಾಲಿಗೆ ಕೈ ಮುಗಿದು ಕೇಳಬೇಕಾಗಿತ್ತು, ಅದೂ ಸೂತಕದ ಹೊತ್ತಿನಲ್ಲಿ. ನನ್ನಿಂದ ಆಗುವುದಿಲ್ಲ, ಸಂಪಾದಕರಿಗೆ ಖಾನಾಪುರ ಆಗಲಿ ಎಂದು ಹೇಳಿಬಿಡುತ್ತೇನೆ ಎಂದೆ.

ಅವ್ವ ಯಾರನ್ನೂ ಕೇಳದೆ ಹೋದಳು. ಮೈ ಬೆಚ್ಚಗಾದ ಮೇಲೆ, ಎಲ್ಲ ಹೆಂಗಸರ ಹಾಗೆ, ಕಾಕಾನ ಹೆಂಡತಿ ಶಾಂತಾಕಾಕುವಿನ ಜೊತೆ ಕೂರಲು ಹೋದಳು. ಸುಮಿತ್ರಾ ಜೊತೆಗಿದ್ದಳು, ಮುಂದಿನದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ಅವ್ವ ಸುತ್ತಿ ಬಳಸದೆ ವಿಷಯ ಹೇಳಿದಳಂತೆ. ಕೊನೆಯ ಮನೆಯ ಒಬ್ಬಾಕೆ, ಫ್ಯಾಕ್ಟರಿಯವರಿಗೆ ಹೇಳುವ ಧೈರ್ಯವಿಲ್ಲದ ಪೇಪರಿನವರು ಈಗ ನಮ್ಮ ಬಂಬಕ್ಕೆ ಗಂಟು ಬಿದ್ದರೇನು ಎಂದಳು. ಇನ್ನೊಬ್ಬಾಕೆ, ನಮ್ಮ ಅಜ್ಜಿಯಂದಿರ ಕಾಲದಿಂದ ಹೊಗೆ ಇದೆ, ಯಾರು ಸತ್ತರು ಎಂದಳು. ಅಂದಮೇಲೆ ಎಲ್ಲಿ ಕೂತಿದ್ದೇನೆಂದು ನೆನಪಾಗಿ ಸೆರಗು ಎಳೆದುಕೊಂಡಳು.

ಶಾಂತಾಕಾಕು ಎರಡು ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲ. ಮೂಲೆಯಿಂದ ಅವರ ದನಿ ಬಂತು.

"ನಮ್ಮವ್ರ ಸಲುವಾಗಿ ನೀವೆಲ್ಲಾ ಒಲಿ ಹಚ್ಚಲಿಲ್ಲ. ಅವ್ರಿಗೇನು ಅದರ ಜರೂರ ಇತ್ತು? ಈ ಹುಡುಗಂಗ ಐತಿ, ಖರೇನ ಐತಿ. ಅವಂಗ ಇಲ್ಲ ಅಂತೀರೇನು?"

ಯಾರೂ ಇಲ್ಲ ಅನ್ನಲಿಲ್ಲ. ಹಾಗೆಂದು ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ಸುಳ್ಳು ವರದಿಯಾಗುತ್ತದೆ. ಟ್ಯೂಬಿನ ತುಂಡು ಮೊದಲು ನಿಂತಿತು. ಅದರ ನಾತ ಯಾರಿಗೂ ಬೇಕಾಗಿರಲಿಲ್ಲ. ಹಸಿ ಹೊಟ್ಟಿನ ಬದಲು ಒಣಗಿದ ಸೀಳು ಕಟ್ಟಿಗೆ ಬಂತು. ಕೆಲವರು ನೀರು ಕಾಯಿಸುವ ಕರೆಂಟಿನ ಕಾಯಿಲ್ ತಂದರು, ಕರೆಂಟು ಹೋದ ದಿನ ನನ್ನ ಹೆಸರು ಹಿಡಿದು ಶಪಿಸಿದರು. ಉಳಿದವರು ಹಿತ್ತಲ ಗೋಡೆಗೆ ಬಿಸಿಲು ಬೀಳುವವರೆಗೆ ಕಾಯುವುದೆಂದಾಯಿತು. ಬಿಸಿಲು ಬಂದಮೇಲೆ ಹೊಗೆ ಓಣಿಯಲ್ಲಿ ನಿಲ್ಲದೆ ಮೇಲೇರಿ ಹೋಗುತ್ತಿತ್ತು. ಎರಕದ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವನ ಮನೆ ಮಾತ್ರ ನಸುಕಿನಲ್ಲೇ ಹಚ್ಚುತ್ತಿತ್ತು. ಅವನು ಮೀಯದೆ ಹೋಗಲಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕೆಂಪು ಹಳದಿಯಾಯಿತು, ಹಳದಿ ಎಷ್ಟೋ ದಿನ ಹಸಿರಾಯಿತು. ಪಂಪು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಪ್ರತಿ ಚಳಿಗಾಲ ತನ್ನ ಮಗುವಿಗೆ ಮೊಸರಿನಿಂದ ಕೆಮ್ಮು ಬರುತ್ತದೆ ಎಂದು ನಂಬಿದ್ದ ಪಕ್ಕದ ಮನೆಯಾಕೆ, ಈ ಸಲ ಮೊಸರು ತಿಂದರೂ ಬರಲಿಲ್ಲ ಎಂದು ಆಶ್ಚರ್ಯದಿಂದ ಹೇಳಿದಳು. ಒಂದು ಓಣಿ, ಒಂದು ಚಳಿಗಾಲ. ಇಷ್ಟೇ ಆಧಾರದ ಮೇಲೆ ನಾನು ಸುದ್ದಿ ಬರೆಯಲಾರೆ. ಆದರೆ ನಮ್ಮಂಥ ಓಣಿಗಳು ಊರಲ್ಲಿ ಎಷ್ಟಿವೆ, ಅಲ್ಲಿ ಯಾರು ಯಾರು ಕೆಮ್ಮುತ್ತಾ ಏಳುತ್ತಾರೆ ಎಂದು ಕೇಳುತ್ತಾ ತಿರುಗತೊಡಗಿದೆ. ಭಟ್ಟಿಯ ಬಗ್ಗೆಯೂ ಬರೆದೆ. ರುದ್ರಪ್ಪ ಒಂದು ವರ್ಷ ಮಾತು ಬಿಟ್ಟರು. ಅವರು ಮಾತು ಬಿಟ್ಟ ಆ ವರ್ಷವೇ ಕೆಲಸಗಾರರ ಗುಡಿಸಲುಗಳನ್ನು ಹೊಗೆ ಬೀಸದ ಬದಿಗೆ ಹಾಕಿಸಿದರು ಎಂದು ಅಕ್ಕ ತಿಳಿಸಿದಳು.

ಆ ಜನವರಿಯ ಕೊನೆಗೇ ಸಂಪಾದಕರಿಗೆ ಖಾನಾಪುರ ಬೇಡ ಎಂದಿದ್ದೆ. ಅಂದು ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆದಾಗ ಅವ್ವ ಹಚ್ಚದ ಬಂಬದ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಜೋಡಿಸಿದ ಕಟ್ಟಿಗೆ, ಮಡಿಲಲ್ಲಿ ಕಡ್ಡಿಪೆಟ್ಟಿಗೆ. ಸ್ನಾನವಿಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಬಾಯಿಗೆ ಒಂದು ಹನಿ ನೀರಿಲ್ಲ. ಬದುಕಿನಲ್ಲಿ ಎಂದೂ ಸೂರ್ಯ ಹುಟ್ಟುವುದನ್ನು ಮೀಯದೆ ನೋಡಿದವಳಲ್ಲ.

ಒಳಗೆ ನಡಿ, ಚಳಿ ಐತಿ ಎಂದೆ.

"ನಂದ್ ಬಿಡು. ಗ್ವಾಡಿ ನೋಡು, ಬಿಸಲು ಬಂತೇನು?"

ಗೋಡೆಯ ತುದಿಯ ಹೆಂಚಿಗೆ ಆಗಷ್ಟೇ ಬೆಳಕು ತಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಎಂದೆ. ಅವಳು ಕಡ್ಡಿಪೆಟ್ಟಿಗೆಯ ಮೇಲೆ ಅಂಗೈ ಮುಚ್ಚಿಕೊಂಡು ಸರಿಯಾಗಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಬಿಸಿಲು ಇಳಿದು ಬರುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು.